ಪ್ಯಾರಿಸ್‌ನ ಒಂದು ಮಂಗಳವಾರ

ಬೆಳಿಗ್ಗೆ ಒಂಬತ್ತಕ್ಕೆ ಲೂವ್ರ್ ವಸ್ತುಸಂಗ್ರಹಾಲಯದ ಅಂಗಳ ತಲುಪಿದಾಗ, 1989ರಲ್ಲಿ ಸಾರ್ವಜನಿಕರಿಗೆ ತೆರೆದ ಆ ಗಾಜಿನ ಪಿರಮಿಡ್ಡಿನ ಮುಂದೆ ಸರದಿಯೇ ಇಲ್ಲದ್ದನ್ನು ಕಂಡು, ಬೇಗ ಎದ್ದು ಬಂದದ್ದಕ್ಕೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಬಾಗಿಲ ಬಳಿಯ ಫಲಕ ಓದಿದ ಮೇಲೆ ವಿಷಯ ತಿಳಿಯಿತು: ಮಂಗಳವಾರ ಲೂವ್ರ್‌ಗೆ ವಾರದ ರಜೆ. ವೀಸಾ, ವಿಮೆ, ಪಾಸ್‌ಪೋರ್ಟಿನ ನಕಲುಗಳನ್ನು ಎರಡೆರಡು ಬಾರಿ ನೋಡಿಕೊಂಡಿದ್ದ ನಾನು, ಪ್ಯಾರಿಸ್‌ನಲ್ಲಿ ಇರುವುದೇ ಎರಡು ದಿನ ಎಂದು ಗೊತ್ತಿದ್ದೂ ಇದೊಂದನ್ನು ನೋಡಿರಲಿಲ್ಲ.

ಕಾಫಿ ಕುಡಿಯುತ್ತಾ ಫೋನಿನಲ್ಲಿ ಹುಡುಕಿದಾಗ, ಸೇನ್ ನದಿಯ ಆಚೆ ದಡದ ಓರ್ಸೆ ಸಂಗ್ರಹಾಲಯದ ರಜೆ ಸೋಮವಾರ ಎಂದು ತಿಳಿದು ಜೀವ ಬಂತು. ಹಣ ಕೊಡುವಾಗ ಕಾರ್ಡ್ ಯಂತ್ರವು ಯೂರೋದಲ್ಲಿಯೋ ರೂಪಾಯಿಯಲ್ಲಿಯೋ ಎಂದು ಕೇಳಿತು. ರೂಪಾಯಿ ಎಂದರೆ ಲೆಕ್ಕ ಸುಲಭವೆನಿಸುತ್ತದೆ, ಆದರೆ ಆಗ ವಿನಿಮಯ ದರವನ್ನು ನಮ್ಮ ಬ್ಯಾಂಕಿನ ಬದಲು ಅಲ್ಲಿಯವರೇ ತಮ್ಮ ಲಾಭ ಸೇರಿಸಿ ನಿಗದಿಪಡಿಸುವುದರಿಂದ, ಯೂರೋವನ್ನೇ ಒತ್ತಿದೆ.

ಟ್ವೀಲರಿ ಉದ್ಯಾನವನ್ನು ಹಾದು, ಕಾಲುಸೇತುವೆಯ ಮೇಲೆ ನದಿ ದಾಟಿದರೆ ಓರ್ಸೆ ಬಂದೇಬಿಡುತ್ತದೆ. ಅದು 1900ರ ವಿಶ್ವ ಪ್ರದರ್ಶನಕ್ಕಾಗಿ ಕಟ್ಟಿದ ರೈಲು ನಿಲ್ದಾಣ. ರೈಲುಗಳು ಉದ್ದವಾಗುತ್ತ ಹೋದಂತೆ ಪ್ಲಾಟ್‌ಫಾರಂಗಳು ಸಾಲದೆ ದೂರದ ಸಂಚಾರ ನಿಂತುಹೋಗಿ, 1986ರಲ್ಲಿ ಅದೇ ಕಟ್ಟಡ ಸಂಗ್ರಹಾಲಯವಾಯಿತು. ಕಮಾನು ಚಾವಣಿಯ ಕೆಳಗೆ, ಹಿಂದೆ ಹಳಿಗಳಿದ್ದ ಜಾಗದಲ್ಲಿ ಈಗ ಶಿಲ್ಪಗಳು ನಿಂತಿವೆ. ನಾನು ಮೊದಲು ಮೇಲಿನ ಐದನೆಯ ಅಂತಸ್ತಿಗೆ ಹೋದೆ. ಮೊನೆ, ರೆನ್ವಾರ್ ಮೊದಲಾದವರ ಚಿತ್ರಗಳು ಅಲ್ಲಿವೆ. ಆದರೆ ಹೆಚ್ಚು ಹೊತ್ತು ನಿಂತದ್ದು ವ್ಯಾನ್ ಗೋ 1888ರಲ್ಲಿ ಬರೆದ, ರೋನ್ ನದಿಯ ಮೇಲಿನ ನಕ್ಷತ್ರಗಳ ರಾತ್ರಿಯ ಚಿತ್ರದ ಮುಂದೆ. ಅಚ್ಚಿನಲ್ಲಿ ಎಷ್ಟೋ ಸಲ ಕಂಡಿದ್ದ ಚಿತ್ರವೇ. ಆದರೂ ದೀಪಗಳ ಪ್ರತಿಬಿಂಬಗಳಲ್ಲಿ ಬಣ್ಣ ಅಷ್ಟು ದಪ್ಪವಾಗಿ ಮೆತ್ತಿಕೊಂಡಿರುವುದು ಯಾವ ಪ್ರತಿಯಲ್ಲೂ ಕಂಡಿರಲಿಲ್ಲ.

ಹೊರಡುವ ಮುನ್ನ ನಿಲ್ದಾಣದ ಹಳೆಯ ದೊಡ್ಡ ಗಡಿಯಾರದ ಹಿಂದೆ ನಿಂತು, ತಿರುಗುಮುರುಗಾಗಿ ಕಾಣುವ ರೋಮನ್ ಅಂಕಿಗಳ ನಡುವಿನ ಗಾಜಿನಿಂದ ನದಿಯನ್ನೂ, ದೂರದ ಮೊಮಾರ್ತ್ರ್ ಗುಡ್ಡವನ್ನೂ ನೋಡಿದೆ. ಬುಧವಾರ ಲೂವ್ರ್ ರಾತ್ರಿ ಒಂಬತ್ತರವರೆಗೆ ತೆರೆದಿರುತ್ತದೆ ಎಂಬುದನ್ನು ಈ ಬಾರಿ ಅದರ ಅಧಿಕೃತ ಜಾಲತಾಣದಲ್ಲೇ ಖಚಿತಪಡಿಸಿಕೊಂಡು, ಮರುದಿನ ಸಂಜೆಗೆ ಸಮಯ ನಮೂದಿಸಿದ ಟಿಕೆಟನ್ನು ಅಲ್ಲೇ ಬೆಂಚಿನ ಮೇಲೆ ಕುಳಿತು ಕಾಯ್ದಿರಿಸಿದೆ.