ಬ್ಯಾಟರಿ ಅಂಗಡಿಗೆ ಹೋಗುವ ಮೊದಲು ಟೇಪು ಹಿಡಿದು ಕಾರಿನ ಹತ್ತಿರ ಹೋಗಿ

ನಾನು ಬೆಂಗಳೂರಿನಲ್ಲಿ ಹಳೇ ಕಾರುಗಳ ವೈರಿಂಗ್ ಕೆಲಸ ಮಾಡುತ್ತೇನೆ. ಡೈನಮೋ (ಎಂಜಿನ್ ತಿರುಗುವಾಗ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ), ಸೆಲ್ಫ್ ಮೋಟರು, ಲೈಟು, ಹಾರನ್ನು ಎಲ್ಲಾ. ಬ್ಯಾಟರಿ ಬದಲಾಯಿಸುವುದು ನಮ್ಮಲ್ಲಿ ಹೊಸ ಹುಡುಗನಿಗೂ ಕೊಡುವ ಹತ್ತು ನಿಮಿಷದ ಕೆಲಸ. ಅದೇ ಕೆಲಸದಲ್ಲಿ ನಾನು ಒಂದು ಕಾರಿಗೆ ಬೆಂಕಿ ಬೀಳುವ ಹಂತಕ್ಕೆ ತಂದಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ.

ಕಾರು 1965ರ ಎಂಜಿಬಿ. ಇಂಗ್ಲೆಂಡಿನ ಅಬಿಂಗ್‌ಡನ್‌ನಲ್ಲಿ 1962ರಿಂದ 1980ರವರೆಗೆ ತಯಾರಾದ ಸ್ಪೋರ್ಟ್ಸ್ ಕಾರು, 1798 ಸಿಸಿ ಎಂಜಿನ್. ಇದರ ಬ್ಯಾಟರಿ ಬಾನೆಟ್ ಕೆಳಗೂ ಇಲ್ಲ, ಡಿಕ್ಕಿಯಲ್ಲೂ ಇಲ್ಲ. ಸೀಟಿನ ಹಿಂದೆ ಕಾರ್ಪೆಟ್ ಎತ್ತಿ ತಗಡಿನ ಮುಚ್ಚಳ ತೆಗೆದರೆ ಕೆಳಗೆ ಎರಡು ಗೂಡು ಕಾಣುತ್ತವೆ, ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಆ ಕಡೆ ಒಂದು, ಈ ಕಡೆ ಒಂದು. ಒಂದೊಂದರಲ್ಲೂ ಒಂದು 6 ವೋಲ್ಟ್ ಬ್ಯಾಟರಿ, ಎರಡನ್ನೂ ಸೀರೀಸ್‌ನಲ್ಲಿ ಸೇರಿಸಿ 12 ವೋಲ್ಟ್. 70ರ ದಶಕದ ಮಧ್ಯದಲ್ಲಿ ಕಂಪನಿಯವರೇ ಇದನ್ನು ಬಿಟ್ಟು ಒಂದೇ 12 ವೋಲ್ಟ್ ಬ್ಯಾಟರಿ ಹಾಕಲು ಶುರುಮಾಡಿದರು.

ಅಷ್ಟು ದೊಡ್ಡ 6 ವೋಲ್ಟ್ ಬ್ಯಾಟರಿ ಹುಡುಕುವುದು ಇಲ್ಲಿ ಕಷ್ಟ. ಒಂದು ಸಿಕ್ಕರೂ ಹಳೆಯದರ ಜೊತೆ ಹೊಸದನ್ನು ಸೇರಿಸಿದರೆ ಹಳೆಯದು ಹೊಸದನ್ನೂ ಎಳೆದು ಹಾಕುತ್ತದೆ. ಹಾಗಾಗಿ ಒಂದು ಗೂಡಿನಲ್ಲಿ ಒಂದೇ 12 ವೋಲ್ಟ್ ಬ್ಯಾಟರಿ ಕೂರಿಸೋಣ ಅಂತ ಮಾಲೀಕರಿಗೆ ನಾನೇ ಹೇಳಿದೆ. ಆ ಮಾತು ಈಗಲೂ ಸರಿ ಅಂತಲೇ ನನ್ನ ನಂಬಿಕೆ. ಕೇಬಲ್ಲನ್ನು ಟರ್ಮಿನಲ್‌ಗೆ ಬಿಗಿಯುವ ಕ್ಲಾಂಪ್ ನಾಲ್ಕು ಇದ್ದ ಕಡೆ ಎರಡೇ ಉಳಿಯುತ್ತವೆ, ತುಕ್ಕು ಹಿಡಿಯುವ ಜಾಗ ಅರ್ಧಕ್ಕರ್ಧ ಕಡಿಮೆ.

ತಪ್ಪಾಗಿದ್ದು ಅಳತೆಯಲ್ಲಿ. 38ಬಿ20 ಅಂತ ಒಂದು ಸೈಜು ಇದೆ, ನಮ್ಮ ಸಣ್ಣ ಕಾರುಗಳಿಗೆ ಹಾಕುವ 35 ಆಂಪಿಯರ್ ಅವರ್ ಬ್ಯಾಟರಿ. ಆ ಕೊನೆಯ 20 ಅಂದರೆ ಉದ್ದ ಸುಮಾರು 20 ಸೆಂಟಿಮೀಟರ್. ಕ್ಯಾಟಲಾಗಿನಲ್ಲಿ ಎತ್ತರ 203 ಮಿಲಿಮೀಟರ್ ಅಂತ ನೋಡಿದೆ, ಸಾಕು ಅಂದುಕೊಂಡೆ. ಪಕ್ಕದ ಕಾಲಮ್ಮಿನಲ್ಲಿ 227 ಅಂತ ಇನ್ನೊಂದು ಎತ್ತರ ಇತ್ತು, ಅದು ಟರ್ಮಿನಲ್ ಸೇರಿಸಿ. ಅದನ್ನು ನೋಡಲೇ ಇಲ್ಲ. ಇದರ ಮೇಲೆ, ಆ ಕಾರಿನ ಗೂಡಿನ ತಳ ಆ್ಯಸಿಡ್ ಬಿದ್ದು ಕೊಳೆತಿದ್ದರಿಂದ ಹಿಂದೆ ಯಾರೋ ಸ್ವಲ್ಪ ಮೇಲಕ್ಕೆ ಹೊಸ ತಗಡು ವೆಲ್ಡಿಂಗ್ ಮಾಡಿದ್ದರು. ಗೂಡು ಮೊದಲಿನಷ್ಟು ಆಳ ಇರಲಿಲ್ಲ. ಮುಚ್ಚಳ ಒತ್ತಿ ಹಾಕಿದಾಗ ಕೂತಿತು, ನಾನೂ ಬಿಟ್ಟೆ.

ಮಾರನೇ ವಾರ ಮಾಲೀಕರು ಊರಿಗೆ ಹೊರಡಲು ಸೀಟಿನ ಹಿಂದೆ ಬ್ಯಾಗ್ ಇಟ್ಟರು. ಮುಚ್ಚಳದ ತಗಡು ಬಗ್ಗಿ ಟರ್ಮಿನಲ್‌ಗೆ ತಾಗಿತು. ಪಟ್ ಅಂತ ಕಿಡಿ, ಸುಟ್ಟ ಕಾರ್ಪೆಟ್ ವಾಸನೆ. ಅವರು ತಕ್ಷಣ ಬ್ಯಾಗ್ ಎತ್ತಿದ್ದರಿಂದ ಬಚಾವ್. ಬ್ಯಾಟರಿಯಿಂದ ಹೊರಡುವ ದಪ್ಪ ಕೇಬಲ್ಲಿಗೆ ಫ್ಯೂಸ್ ಇರುವುದಿಲ್ಲ, ಸಣ್ಣ ಬ್ಯಾಟರಿಯೇ ಆದರೂ ಶಾರ್ಟ್ ಆದರೆ ನೂರಾರು ಆಂಪಿಯರ್ ಹರಿಯುತ್ತದೆ. ಮುಚ್ಚಳ ತಿರುಗಿಸಿ ನೋಡಿದೆ, ಒಂದು ರೂಪಾಯಿ ನಾಣ್ಯದಷ್ಟು ಅಗಲ ಕಪ್ಪು ಕಲೆ, ನಡುವೆ ತಗಡು ಕರಗಿ ಸಣ್ಣ ಗುಳಿ ಬಿದ್ದಿತ್ತು. ಅದೇ ಹಳ್ಳಕ್ಕೆ ಬೆರಳಿಟ್ಟುಕೊಂಡು ಮಾಲೀಕರ ಮುಂದೆ "ತಪ್ಪು ನಂದೇ ಸಾರ್" ಅಂದೆ.

ಈಗ ಬ್ಯಾಟರಿ ಅಂಗಡಿಗೆ ಹೋಗುವ ಮೊದಲು ಕಾರಿನ ಹತ್ತಿರ ಕೂತು ಬರೆದುಕೊಳ್ಳುತ್ತೇನೆ. ಗೂಡಿನ ಉದ್ದ, ಅಗಲ, ಮತ್ತೆ ತಳದಿಂದ ಮುಚ್ಚಳದವರೆಗಿನ ಎತ್ತರ. ಟರ್ಮಿನಲ್ ಮೇಲೆ ಕ್ಲಾಂಪ್ ಕೂತ ಮೇಲೂ ಕನಿಷ್ಠ ಒಂದು ಬೆರಳು ಜಾಗ ಉಳಿಯಬೇಕು, ಅದಿದ್ದರೂ ಮುಚ್ಚಳದ ಒಳಗೆ ರಬ್ಬರ್ ಶೀಟ್ ಅಂಟಿಸುತ್ತೇನೆ. ಟರ್ಮಿನಲ್ ದಪ್ಪವನ್ನೂ ನೋಡಬೇಕು. ಸಣ್ಣ ಜಪಾನ್ ಮಾದರಿ ಬ್ಯಾಟರಿಯ ಟರ್ಮಿನಲ್ ತೆಳ್ಳಗಿರುತ್ತದೆ, ಇಂಗ್ಲಿಷ್ ಕಾರಿನ ಕ್ಲಾಂಪ್ ಅದಕ್ಕೆ ಲೊಡಲೊಡ. ಅಲ್ಯೂಮಿನಿಯಂ ಹಾಳೆ ಸುತ್ತಿ ಬಿಗಿ ಮಾಡುವವರನ್ನು ನೋಡಿದ್ದೇನೆ, ದಯವಿಟ್ಟು ಬೇಡ. ಸೀಸದ ಸ್ಲೀವ್ ಸಿಗುತ್ತದೆ, ಅದನ್ನೇ ಹಾಕಿ.

ಯಾವ ಬಗೆಯ ಬ್ಯಾಟರಿ ಅಂತ ಜಾಸ್ತಿ ಜನ ಕೇಳುತ್ತಾರೆ. ಸೀಟಿನ ಬೆನ್ನ ಹಿಂದೆಯೇ ಇರುವುದರಿಂದ ನಾನು ಎಜಿಎಂ ಹೇಳುತ್ತೇನೆ, ಅಂದರೆ ಗಾಜಿನ ನಾರಿನ ಹಾಳೆಯಲ್ಲಿ ಆ್ಯಸಿಡ್ ಹೀರಿಸಿಟ್ಟ ಸೀಲ್ ಬ್ಯಾಟರಿ. ಆ್ಯಸಿಡ್ ಚೆಲ್ಲುವುದಿಲ್ಲ, ಗ್ಯಾಸೂ ಕಡಿಮೆ. ಆದರೆ ಮೊದಲು ಎಂಜಿನ್ ರೇಸ್ ಮಾಡಿ ಚಾರ್ಜಿಂಗ್ ವೋಲ್ಟೇಜ್ ನೋಡಿ. 14 ಆಸುಪಾಸು ಇದ್ದರೆ ಸರಿ. 15 ದಾಟಿದರೆ ಮೊದಲು ಆ ವೋಲ್ಟೇಜ್ ಹಿಡಿತದಲ್ಲಿಡುವ ರೆಗ್ಯುಲೇಟರ್ ಸರಿಮಾಡಿಸಿ, ಆಮೇಲೆ ಬ್ಯಾಟರಿಗೆ ದುಡ್ಡು ಹಾಕಿ. ಲಿಥಿಯಂ ಹಗುರ ನಿಜ, ಡೈನಮೋ ಇರುವ ಕಾರಿಗೆ ನಾನು ಹಾಕುವುದಿಲ್ಲ. ಕೋಲ್ಡ್ ಕ್ರ್ಯಾಂಕಿಂಗ್ ಆಂಪ್ಸ್ ಅಂತ ಇನ್ನೊಂದು ಅಂಕಿ ಇರುತ್ತದೆ, ಚಳಿಯಲ್ಲಿ ಎಂಜಿನ್ ಸ್ಟಾರ್ಟ್ ಮಾಡಲು ಬ್ಯಾಟರಿ ಎಷ್ಟು ಕರೆಂಟ್ ಕೊಡುತ್ತದೆ ಅಂತ. ಅದು ಮೈನಸ್ 18 ಡಿಗ್ರಿ ಚಳಿಯಲ್ಲಿ ಅಳೆದದ್ದು. ನಮ್ಮೂರಲ್ಲಿ ಸುಮ್ನೆ ಅದರ ಹಿಂದೆ ಬೀಳಬೇಡಿ.

ಇಲ್ಲಿ ಬ್ಯಾಟರಿ ಸಾಯುವುದು ಚಳಿಗಲ್ಲ, ಬಿಸಿಲಿಗೆ ಮತ್ತೆ ಸುಮ್ಮನೆ ನಿಂತಿರುವುದಕ್ಕೆ. ಡೈನಮೋ ಐಡ್ಲಿಂಗ್‌ನಲ್ಲಿ ಚಾರ್ಜ್ ಮಾಡುವುದೇ ಇಲ್ಲ ಅನ್ನಬಹುದು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಅರ್ಧ ಗಂಟೆ ಹೆಡ್‌ಲೈಟ್ ಹಾಕಿಕೊಂಡು ನಿಂತರೆ ಬ್ಯಾಟರಿ ಇಳಿಯುತ್ತಲೇ ಇರುತ್ತದೆ. ಎರಡು ವಾರಕ್ಕೊಮ್ಮೆ ಮೀಟರ್ ಇಟ್ಟು ನೋಡಿ, ಫುಲ್ ಚಾರ್ಜ್ ಇದ್ದರೆ 12.6 ತೋರಿಸಬೇಕು. 12.4ಕ್ಕಿಂತ ಕೆಳಗೆ ಬಂದರೆ ಚಾರ್ಜರ್ ಹಾಕಿ.

ಕೊನೆಯದು ಅರ್ಥಿಂಗ್, ಬ್ಯಾಟರಿಯ ಒಂದು ಟರ್ಮಿನಲ್ಲನ್ನು ಕಾರಿನ ಬಾಡಿಗೆ, ಅಂದರೆ ಅದರ ಲೋಹದ ಮೈಗೆ, ಜೋಡಿಸುವುದು. 1967ರವರೆಗಿನ ಎಂಜಿಬಿಯಲ್ಲಿ ಬಾಡಿಗೆ ಹೋಗುವುದು ಪ್ಲಸ್. ಡೈನಮೋ ಜಾಗಕ್ಕೆ ಆಲ್ಟರ್ನೇಟರ್ ಬಂದಾಗ ಮೈನಸ್ ಆಯಿತು. ವರ್ಷ ನೋಡಿ ನಂಬಬೇಡಿ, ಯಾರಾದರೂ ನಡುವೆ ಬದಲಾಯಿಸಿರಬಹುದು. ಹಳೇ ಬ್ಯಾಟರಿ ಇನ್ನೂ ಜೋಡಿಸಿರುವಾಗಲೇ ಬಾಡಿಗೆ ಹೋದ ಕೇಬಲ್ ಯಾವ ಟರ್ಮಿನಲ್‌ನಿಂದ ಬಂದಿದೆ ಅಂತ ಕೈಯಿಟ್ಟು ಹಿಂಬಾಲಿಸಿ, ಮೀಟರ್‌ನಲ್ಲೂ ನೋಡಿ. ಉಲ್ಟಾ ಕೊಟ್ಟರೆ ರೇಡಿಯೋ, ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದ್ದರೆ ಅದೂ, ಆಲ್ಟರ್ನೇಟರ್ ಇದ್ದರೆ ಅದರ ಡಯೋಡುಗಳೂ ಹೋಗುತ್ತವೆ. "ಮೊದಲು ಮೈನಸ್ ಬಿಚ್ಚು" ಅಂತ ನಮ್ಮ ಹುಡುಗರಿಗೆಲ್ಲ ಕಲಿಸಿರುತ್ತೇವೆ ಅಲ್ವಾ, ಈ ಕಾರಿನಲ್ಲಿ ಹಾಗೆ ಮಾಡಿದರೆ ಸ್ಪಾನರ್ ಬಾಡಿಗೆ ತಾಗಿದ ಕೂಡಲೇ ಶಾರ್ಟ್. ಈಗ ನಾನು ಅವರಿಗೆ ಪ್ಲಸ್ಸು, ಮೈನಸ್ಸು ಅನ್ನುವುದಿಲ್ಲ. ಬಾಡಿಗೆ ಹೋಗಿರುವುದನ್ನು ಮೊದಲು ಬಿಚ್ಚು, ಕೊನೆಗೆ ಹಾಕು ಅನ್ನುತ್ತೇನೆ.