ಮಿಷನರಿಗಳನ್ನು ಕಳಿಸಿದ ಸೀಮೆಗೆ ಈಗ ಯಾರು ಹೋಗಬೇಕು?

ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ನಮ್ಮ ಬೆಟಗೇರಿಗೆ ಬಂದರು. ಬಂದವರಲ್ಲಿ ತುಂಬಾ ಜನ ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯವರು. ಈಗ ನಮ್ಮ ಕಾಕಾನ ಮಗ ಸಾಫ್ಟ್‌ವೇರ್ ಕೆಲಸಕ್ಕೆ ಅಂತ ಅದೇ ಸೀಮೆಯ ಸ್ಟುಟ್‌ಗಾರ್ಟ್‌ನಲ್ಲಿದ್ದಾನೆ. ಭಾನುವಾರ ಆರಾಧನೆಗೆ ಹೋದರೆ ಅಲ್ಲಿ ಇವನೇ ಎಲ್ಲರಿಗಿಂತ ಚಿಕ್ಕವನಂತೆ. "ಅಕ್ಕಾ, ಇಲ್ಲಿ ಯೇಸು ಅಂದ್ರ ಯಾರೂ ಸಿಟ್ಟಿಗೇಳಂಗಿಲ್ಲ, ವಾದಾನೂ ಮಾಡಂಗಿಲ್ಲ. ಹೌದಾ ಅಂತಾರ, ಮುಂದ ಮಳಿ ಬಗ್ಗೆ ಮಾತಾಡ್ತಾರ" ಅಂತಾನೆ.

ನನಗೆ ಇದೇ ಕಷ್ಟದ ವಿಷಯ ಅನ್ಸುತ್ತೆ. ಸುವಾರ್ತೆಯನ್ನು, ಅಂದ್ರೆ ಯೇಸುವಿನ ಸಂದೇಶವನ್ನು, ಕೇಳೇ ಇಲ್ಲದ ಜನ ಬೇರೆ, ಅಜ್ಜನ ಕಾಲದಿಂದ ಕೇಳಿ ಕೇಳಿ ಬೇಡ ಅಂತ ಎದ್ದುಹೋದ ಜನ ಬೇರೆ. 2022ರ ಹೊತ್ತಿಗೆ ಜರ್ಮನಿಯಲ್ಲಿ ಕ್ಯಾಥೊಲಿಕ್, ಪ್ರೊಟೆಸ್ಟಂಟ್ ಎರಡೂ ದೊಡ್ಡ ಸಭೆಗಳ (ಚರ್ಚ್‌ಗಳ) ಸದಸ್ಯರನ್ನು ಕೂಡಿಸಿದರೂ ಜನಸಂಖ್ಯೆಯ ಅರ್ಧಕ್ಕಿಂತ ಕಡಿಮೆ. ಅಲ್ಲಿ ಸದಸ್ಯರು ಆದಾಯ ತೆರಿಗೆಯ ಮೇಲೆ ಶೇ. 8 ಅಥವಾ 9ರಷ್ಟು ಚರ್ಚ್ ತೆರಿಗೆ ಕಟ್ಟಬೇಕು. ಬೇಡ ಅಂದ್ರೆ ಸರ್ಕಾರಿ ಕಚೇರಿಗೆ ಹೋಗಿ ಹೆಸರು ತೆಗೆಸಬೇಕು. ದುಡ್ಡು ಉಳಿಸೋಕೆ ಹೋಗುವವರು ಇದ್ದಾರೆ, ನಿಜ. ಆದರೆ ಪಾದ್ರಿಗಳು ಮಕ್ಕಳ ಮೇಲೆ ಮಾಡಿದ ದೌರ್ಜನ್ಯ ಮುಚ್ಚಿಟ್ಟಿದ್ದು ಗೊತ್ತಾಗಿ ಅಸಹ್ಯಪಟ್ಟು ಹೋದವರೂ ಬಹಳ. ಅಂಥವರ ಕೈಗೆ ಕರಪತ್ರ ಕೊಟ್ಟು ಏನು ಉಪಯೋಗ? ಮೊದಲು ಅವರು ಹೇಳೋದನ್ನು ಕೂತು ಕೇಳಬೇಕು, ಅಲ್ವಾ?

ಲೆಸ್ಲಿ ನ್ಯೂಬಿಗಿನ್ ಅಂತ ಒಬ್ಬರಿದ್ದರು. ಇಂಗ್ಲೆಂಡಿನವರು, 1936ರಲ್ಲಿ ತಮಿಳುನಾಡಿಗೆ ಬಂದವರು, 1947ರಲ್ಲಿ ಹಲವು ಪ್ರೊಟೆಸ್ಟಂಟ್ ಸಭೆಗಳು ಕೂಡಿ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಹುಟ್ಟಿದಾಗ ಅದರ ಮೊದಲ ಬಿಷಪ್‌ಗಳಲ್ಲಿ ಒಬ್ಬರಾದರು. 1974ರಲ್ಲಿ ವಾಪಸ್ ಹೋದಾಗ ಅವರಿಗೆ ತಮ್ಮ ದೇಶವೇ ಮಿಷನ್ ಕ್ಷೇತ್ರವಾಗಿ ಕಂಡಿತು. ವಯಸ್ಸಾದ ಮೇಲೂ ಬರ್ಮಿಂಗ್‌ಹ್ಯಾಮ್‌ನ ಒಂದು ಬಡ ಬಡಾವಣೆಯ ಸಣ್ಣ ಸಭೆಗೆ ಪಾಲಕರಾದರು. ಸುವಾರ್ತೆಯನ್ನು ನಂಬಿ ಅದರಂತೆ ಬದುಕುವ ಒಂದು ಸಭೆ ಕಣ್ಣೆದುರಿಗೆ ಇದ್ದರೆ ಮಾತ್ರ ಜನಕ್ಕೆ ಅದು ಅರ್ಥ ಆಗುತ್ತೆ ಅನ್ನೋದು ಅವರ ವಾದ. ಚರ್ಚಿನೊಳಗೆ ಗಿಟಾರು, ಬಣ್ಣದ ಲೈಟು, ಕಾಫಿ ಮಷಿನ್ ತಂದಿಟ್ಟರೆ ಯುವಕರು ಬರ್ತಾರೆ ಅನ್ನುವವರಿಗಿಂತ ಈ ಮಾತು ನನಗೆ ಸರಿ ಕಾಣುತ್ತೆ. ಕಾಫಿ ಬೇಕಾದವರು ಹೋಟೆಲಿಗೆ ಹೋಗ್ತಾರೆ ಬಿಡಿ.

ಕಾಕಾನ ಮಗ ಇರುವ ಸ್ಟುಟ್‌ಗಾರ್ಟ್‌ನಲ್ಲೇ ಇದಕ್ಕೊಂದು ಉದಾಹರಣೆ ಇದೆ. ಲಿಯೋನ್‌ಹಾರ್ಡ್ ಚರ್ಚಿನಲ್ಲಿ 1995ರಿಂದ ಪ್ರತಿ ಚಳಿಗಾಲ ಕೆಲವು ವಾರ ಊಟದ ಮೇಜು ಹಾಕುತ್ತಾರೆ. ಅದನ್ನು ವೆಸ್ಪರ್‌ಕಿರ್ಖ ಅಂತಾರೆ. ಮನೆ ಇಲ್ಲದವರು, ಒಂಟಿ ಮುದುಕರು, ಯಾರು ಬೇಕಾದರೂ ಬಂದು ಬಿಸಿ ಊಟ ಮಾಡಬಹುದು. ಡಾಕ್ಟರ್ ಸಿಗುತ್ತಾರೆ, ಕೂದಲು ಕತ್ತರಿಸುವವರೂ ಇರುತ್ತಾರೆ. ನೀನು ಸಭೆಯವನಾ ಅಂತ ಯಾರೂ ಕೇಳಲ್ಲ.

ನಮಗೆ ಇದು ಹೊಸದಲ್ಲ. ಬೆಟಗೇರಿಯಲ್ಲಿ ಮಿಷನ್ ಎಷ್ಟೋ ದಶಕ ಬೋಧನೆ ಮಾಡಿತು, ಆಸ್ಪತ್ರೆ ಬಂದದ್ದು ಆಮೇಲೆ. ಆದರೆ ಇವತ್ತಿಗೂ ಬೇರೆ ಧರ್ಮದವರ ಬಾಯಲ್ಲಿ ಬರೋದು ಜರ್ಮನ್ ದವಾಖಾನೆ ಹೆಸರೇ. ಅಲ್ಲಿ ಹುಟ್ಟಿದವರಲ್ಲಿ ಕ್ರೈಸ್ತರು ಎಷ್ಟು ಜನ? ಬಹಳ ಕಡಿಮೆ. ಅದರಿಂದ ಆಸ್ಪತ್ರೆ ಸೋತಿತು ಅಂತ ಯಾರೂ ಹೇಳಲ್ಲ.

ನಮ್ಮ ಸಭೆಯ ಹಿರಿಯರೊಬ್ಬರಿಗೆ ವೆಸ್ಪರ್‌ಕಿರ್ಖ ಬಗ್ಗೆ ಹೇಳಿದೆ. "ಎಷ್ಟ್ ಮಂದಿ ದೀಕ್ಷಾಸ್ನಾನ ತಗೊಂಡ್ರವಾ?" ಅಂದರು, ಅಂದ್ರೆ ಎಷ್ಟು ಜನ ಕ್ರೈಸ್ತರಾದರು ಅಂತ. ಊಟ ಮಾಡಿದವರ ಲೆಕ್ಕ ಬೇಕಾದರೆ ಸಿಗಬಹುದು ಕಾಕಾ ಅಂದೆ. ನಕ್ಕರು, ಒಪ್ಪಲಿಲ್ಲ. ವಾರವಿಡೀ ಬೀಗ ಹಾಕಿರುವ ನಮ್ಮ ಹಾಲ್‌ನಲ್ಲಿ ಬುಧವಾರ ಮಧ್ಯಾಹ್ನ ಹೀಗೇ ಊಟ ಹಾಕಬಹುದಾ ಅಂತ ಮುಂದಿನ ಕಮಿಟಿ ಮೀಟಿಂಗಿನಲ್ಲಿ ಕೇಳುತ್ತೇನೆ. ರೊಟ್ಟಿ ಮಾಡೋಕೆ ನಮ್ಮ ಮಹಿಳಾ ಸಂಘದವರು ಆಗಲೇ ಹೂಂ ಅಂದಿದ್ದಾರೆ.