ದೋಣಿ ಬಿಟ್ಟು ಬೆಟ್ಟ ಯಾಕೆ? ಕೇಳಿದವರಿಗೆಲ್ಲ ಒಂದೇ ಸಲ

"ಹಾಯಿದೋಣಿ ಕಲಿಸ್ತೀವಿ ಅಂತ ಕರ್ಕೊಂಡು ಹೋಗಿ, ಪಾಪ ಮಕ್ಕಳನ್ನ ಬೆಟ್ಟ ಹತ್ತಿಸಿದ್ರಂತೆ, ಯಾಕೆ?"

ಮೊದಮೊದಲು ನಗುತ್ತಾ ಉತ್ತರ ಕೊಡುತ್ತಿದ್ದೆ. ಈಗ ಆಗಲ್ಲ. ಅದರಲ್ಲೂ ಆ 'ಪಾಪ' ಇದೆಯಲ್ಲ, ಕಿವಿಗೆ ಬಿದ್ದರೆ ಮೈ ಉರಿಯುತ್ತದೆ. ರಾತ್ರಿ ಎರಡು ಗಂಟೆಗೆ ಎದ್ದು, ಮಳೆಯಲ್ಲಿ ನೆನೆದು ಚುಕ್ಕಾಣಿ ಹಿಡಿದ ಹದಿನೈದು ಹದಿನಾರರ ಮಕ್ಕಳು. ಪಾಪವಂತೆ!

ನಾವು ದಡಕ್ಕಿಳಿದಿದ್ದು ಕೆರಿಬಿಯನ್ ಸಮುದ್ರದ ಸಾಬಾ ದ್ವೀಪದಲ್ಲಿ. ನೆದರ್ಲ್ಯಾಂಡ್ಸ್‌ಗೆ ಸೇರಿದ್ದು, ಒಟ್ಟು 13 ಚದರ ಕಿಲೋಮೀಟರ್. ಸಮುದ್ರದಿಂದ ನೆಟ್ಟಗೆ ಎದ್ದ ಜ್ವಾಲಾಮುಖಿಯೇ ಅಲ್ಲಿನ ನೆಲ. ಬೆಟ್ಟ ಹತ್ತಬೇಡಿ ಅಂದರೆ ಇನ್ನೆಲ್ಲಿಗೆ ಹೋಗೋದು ಸ್ವಾಮಿ? ಹಿಂದೆ ದೋಣಿಯಲ್ಲಿ ಬಂದ ಸಾಮಾನು ಬಂಡೆ ಕಡಿದು ಮಾಡಿದ 800 ಮೆಟ್ಟಿಲು ಹತ್ತಿ ಊರು ಸೇರಬೇಕಿತ್ತು. ಇಲ್ಲಿ ರಸ್ತೆ ಸಾಧ್ಯವೇ ಇಲ್ಲ ಅಂತ ಎಂಜಿನಿಯರುಗಳು ಕೈ ಚೆಲ್ಲಿದ ಮೇಲೆ, ಜೋಸೆಫಸ್ ಲ್ಯಾಂಬರ್ಟ್ ಹ್ಯಾಸೆಲ್ ಅನ್ನೋ ಅಲ್ಲಿಯವರೇ ಅಂಚೆಯಲ್ಲಿ ಪಾಠ ತರಿಸಿ ಕಲಿತು ರಸ್ತೆ ಮಾಡಿಸಿದರು. ಅದೇ ರಸ್ತೆಯಲ್ಲಿ ಟ್ಯಾಕ್ಸಿ ಹಿಡಿದು ವಿಂಡ್‌ವರ್ಡ್‌ಸೈಡ್ ಊರಿಗೆ ಬಂದೆವು. ಅಲ್ಲಿಂದ ಮೌಂಟ್ ಸೀನರಿ. 1,064 ಮೆಟ್ಟಿಲು. ಎತ್ತರ 870 ಮೀಟರ್ ಆಸುಪಾಸು.

ನೂರು ಮೆಟ್ಟಿಲು ಆಗಿರಲಿಲ್ಲ, ನಮ್ಮ ಗಟ್ಟಿಗಿತ್ತಿ ಹುಡುಗಿ ಕೂತುಬಿಟ್ಟಳು. ಎಂಥ ಗಾಳಿಗೂ ಜಗ್ಗದವಳು. ಈಗ ಎರಡೂ ಕೈಯಲ್ಲಿ ಮೆಟ್ಟಿಲು ಹಿಡಿದು "ಇದು ಅಲ್ಲಾಡ್ತಿದೆ" ಅಂದಳು. ಅಲ್ಲಾಡುತ್ತಿದ್ದದ್ದು ಅವಳ ತಲೆಯೊಳಗೆ. ಎಂಟು ದಿನ ದೋಣಿಯಲ್ಲಿ ತೂಗಾಡಿ ಅದಕ್ಕೇ ಒಗ್ಗಿದ ಮಿದುಳು, ನೆಲ ನಿಂತಿದೆ ಅಂದರೆ ಒಪ್ಪುವುದಿಲ್ಲ. ಅಷ್ಟೂ ದಿನ ದೋಣಿಯಂಚಿಗೆ ಜೋತುಬಿದ್ದು ವಾಂತಿ ಮಾಡಿದ್ದ ಹುಡುಗ ಬಂದು ಅವಳ ಚೀಲ ಎತ್ತಿಕೊಂಡ. ಏನೂ ಅನ್ನಲಿಲ್ಲ. ಜೋರಾಗಿ ಮೆಟ್ಟಿಲು ಎಣಿಸುತ್ತಾ ಮುಂದೆ ನಡೆದ. ಏಳುನೂರು ಚಿಲ್ಲರೆಯಲ್ಲಿ ಲೆಕ್ಕ ತಪ್ಪಿತು, ಅಲ್ಲಿಂದ ತುದಿಯವರೆಗೂ ಅದೇ ಜಗಳ.

ಮೇಲೆ ಹೋದಂತೆ ಕಾಡು ಒದ್ದೆಯಾಗುತ್ತದೆ. ಕಾಂಡದ ಮೇಲೆಲ್ಲ ಪಾಚಿ, ಮರದೆತ್ತರದ ಜರಿಗಿಡ, ಮೆಟ್ಟಿಲು ಸೋಪು ಹಚ್ಚಿದ ಹಾಗೆ. ಇಬ್ಬರು ಬಿದ್ದರು. ಮೂರನೆಯದು ನಾನು, ಅದು ಬೇಡ ಬಿಡಿ. ತುದಿಯಲ್ಲಿ ಏನು ಕಾಣಿಸ್ತು ಅಂತೀರಾ? ಮೋಡ. ಎಲ್ಲರ ಫೋಟೋದಲ್ಲೂ ಬರೀ ಬಿಳಿ.

ಇಷ್ಟೆಲ್ಲ ಕೇಳುವವರು ಒಂದನ್ನು ಮಾತ್ರ ಕೇಳಲ್ಲ. ನೀವೆಲ್ಲ ಮೇಲೆ ಹೋದಾಗ ದೋಣಿ ಯಾರು ನೋಡ್ಕೊಂಡ್ರು? ಸಾಬಾದಲ್ಲಿ ದೋಣಿಗೆ ಮರೆ ಕೊಡುವ ಕೊಲ್ಲಿ ಇಲ್ಲ. ಸಮುದ್ರದ ತಳಕ್ಕೆ ಬಿಗಿದ ಮೂರಿಂಗ್ ಅನ್ನೋ ಕಾಯಂ ಲಂಗರಿಗೆ ಹಗ್ಗ ಕಟ್ಟಿ ನಿಲ್ಲಿಸಬೇಕು, ಅಲೆ ಬಂದಾಗಲೆಲ್ಲ ದೋಣಿ ಅದನ್ನು ಜಗ್ಗುತ್ತದೆ. ಬಿಟ್ಟು ಹೋಗುವ ಹಾಗಿಲ್ಲ. ಕ್ಯಾಪ್ಟನ್ ಒಬ್ಬರೇ ಉಳಿದಿದ್ದರು. ಅವರಿಗೂ ಬರುವ ಆಸೆ ಇತ್ತು, ಬೆಳಿಗ್ಗೆ ಬೂಟು ಹೊರಗೆ ತೆಗೆದಿಟ್ಟಿದ್ದನ್ನು ನೋಡಿದ್ದೆ. ಅಲೆ ನೋಡಿ ಮತ್ತೆ ಒಳಗಿಟ್ಟರು.

ಸಂಜೆ ವಾಪಸ್ ಬಂದಾಗ ಅವರು ಹೊಸ ಹಗ್ಗ ಕಟ್ಟಿ ಮುಗಿಸಿದ್ದರು. ಹಳೆಯದನ್ನು ನಮ್ಮ ಕೈಗೆ ಕೊಟ್ಟರು. ಹೆಬ್ಬೆರಳು ದಪ್ಪದ ಹಗ್ಗ, ದೋಣಿಯಂಚಿಗೆ ಉಜ್ಜಿ ಉಜ್ಜಿ ಒಂದು ಕಡೆ ಕಿರುಬೆರಳಷ್ಟೇ ಉಳಿದಿತ್ತು. ಎಳೆಗಳು ಹತ್ತಿಯ ಹಾಗೆ ಹಿಂಜಿದ್ದವು. ಮಕ್ಕಳು ಅದನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಿದರು. ಮೆಟ್ಟಿಲಿನ ಜಗಳ ಅಲ್ಲಿಗೆ ನಿಂತಿತು. ವಾಂತಿಯ ಹುಡುಗ ತನ್ನ ಬಿಳಿ ಫೋಟೋ ತೆಗೆದು, "ನೋಡಿ ಸರ್, ನೀವೇನೂ ಮಿಸ್ ಮಾಡ್ಕೊಂಡಿಲ್ಲ" ಅಂತ ಕ್ಯಾಪ್ಟನ್ ಮುಂದೆ ಹಿಡಿದ.